31 ಕೆಜಿ ಹುಡುಗಿಗೆ ಎಷ್ಟು ಕೆಜಿ ಸೈಕಲ್?

ಮಕ್ಕಳ ಸೈಕಲ್ ಅಂಗಡಿಗೆ ಹೋದರೆ ಮೊದಲು ಕೇಳುವುದು ವಯಸ್ಸು, ಆಮೇಲೆ ಬಜೆಟ್. ತೂಕದ ಮಾತು ಬರುವುದೇ ಇಲ್ಲ. ಹ್ಯಾಂಡಲ್‌ಗೆ ನೇತುಹಾಕಿದ ಕಾರ್ಡಿನಲ್ಲಿ ಗೇರ್ ಎಷ್ಟು, ಶಾಕ್ಸ್ ಇದೆಯಾ, ಡಿಸ್ಕ್ ಬ್ರೇಕಾ ಅಂತೆಲ್ಲ ಇರುತ್ತದೆ. ಎಷ್ಟು ಕೆಜಿ ಅಂತ ಮಾತ್ರ ಇರುವುದಿಲ್ಲ. ಮಗಳಿಗೆ ಸೈಕಲ್ ಹುಡುಕಲು ಹೊರಟಾಗ ನನಗೆ ಎಲ್ಲಕ್ಕಿಂತ ಮೊದಲು ಬೇಕಾಗಿದ್ದದ್ದು ಅದೊಂದೇ ಸಂಖ್ಯೆ.

ಮಗಳಿಗೆ 11 ವರ್ಷ. ಎತ್ತರ 138 ಸೆಂ.ಮೀ., ತೂಕ 31 ಕೆಜಿ. ಅವಳಿಗೆ ಸೈಕಲ್ ಅಂದರೆ ಪ್ರಾಣ. ಶಾಲೆಗೆ ಅವಳನ್ನು ಎಬ್ಬಿಸಬೇಕು, ಭಾನುವಾರ ಅವಳೇ ನಮ್ಮನ್ನು ಎಬ್ಬಿಸುತ್ತಾಳೆ. ನಾವಿರುವುದು ಮೈಸೂರಿನಲ್ಲಿ. ಕುಕ್ಕರಹಳ್ಳಿ ಕೆರೆ ಕಡೆ ಒಂದು ಸುತ್ತು ಹೊಡೆದು ಬರುವುದು ಅವಳಿಗೆ ಸಾಲದಾಯಿತು. ಬಡಾವಣೆಯ ದೊಡ್ಡ ಮಕ್ಕಳ ಜೊತೆ ಲಲಿತಮಹಲ್ ಕಡೆಯ ರಸ್ತೆಯಲ್ಲಿ ಚಾಮುಂಡಿ ಬೆಟ್ಟ ಹತ್ತಬೇಕು ಅನ್ನುವ ಹಟ ಹಿಡಿದಳು. ನನ್ನ ಗಂಡ ಸ್ಕೂಟರ್‌ನಲ್ಲಿ ಹಿಂದೆ ಹೋಗುತ್ತಿದ್ದರು. ಉಳಿದ ಮಕ್ಕಳು ತುಳಿದುಕೊಂಡು ಹೋದರೆ ಇವಳು ಅರ್ಧ ದಾರಿಗೇ ಇಳಿದು ತಳ್ಳುತ್ತಿದ್ದಳು. ಸುಸ್ತಾಯಿತಾ ಅಂತ ಕೇಳಿದರೆ, "ಅಮ್ಮ, ನನಗೆ ಕಾಲು ನೋಯ್ತಿಲ್ಲ. ಸೈಕಲ್ಲೇ ಮುಂದೆ ಬರಲ್ಲ ಅನ್ನತ್ತೆ" ಅಂದಳು.

ಆ ಸೈಕಲ್ ನನ್ನ ಅಕ್ಕನ ಮಗನದು. 24 ಇಂಚಿನ ಚಕ್ರ, ಮುಂದೆ ಶಾಕ್ಸ್, ಎರಡೂ ಕಡೆ ಡಿಸ್ಕ್ ಬ್ರೇಕ್, 21 ಗೇರ್. ನೋಡಲು ಗಟ್ಟಿಮುಟ್ಟು. ಮನೆಯಲ್ಲಿ ಸೂಟ್‌ಕೇಸ್ ತೂಗುವ ಕೊಕ್ಕೆಯ ತಕ್ಕಡಿ ಇತ್ತು. ಸೀಟಿನ ಕೆಳಗೆ ಹಗ್ಗ ಕಟ್ಟಿ ಎತ್ತಿ ನೋಡಿದೆ. 16.4 ಕೆಜಿ! ಮಗಳ ತೂಕದ ಅರ್ಧಕ್ಕಿಂತ ಜಾಸ್ತಿ. ಇದೇ ಲೆಕ್ಕ 70 ಕೆಜಿಯ ದೊಡ್ಡವರಿಗೆ ಹಾಕಿದರೆ ಸೈಕಲ್ 37 ಕೆಜಿ ಆಗುತ್ತದೆ. ತುಂಬಿದ ಗ್ಯಾಸ್ ಸಿಲಿಂಡರ್‌ಗಿಂತ ಭಾರ. ಅಂಥದ್ದನ್ನು ಬೆಟ್ಟಕ್ಕೆ ತುಳಿ ಅಂದರೆ ನಾವು ಯಾರಾದರೂ ಹೊರಡುತ್ತೇವಾ?

ಮಕ್ಕಳ ಸೈಕಲ್ ಬಗ್ಗೆ ತಿಳಿದವರಲ್ಲಿ ಒಂದು ಅಂದಾಜು ಲೆಕ್ಕ ಇದೆ. ಸೈಕಲ್ ತೂಕ ಮಗುವಿನ ತೂಕದ ನೂರಕ್ಕೆ 40ನ್ನು ದಾಟಬಾರದು. ಇದೇನು ಶಾಸನ ಅಲ್ಲ, ಆದರೆ ಒಳ್ಳೆಯ ಗಡಿ. ನಮ್ಮ ಮಗಳಿಗೆ ಅದು 12.4 ಕೆಜಿ. ಬೆಟ್ಟ ಹತ್ತುವವಳು ಅಂತ ನಾನು 11ರ ಒಳಗೆ ಅಂತ ಗುರಿ ಇಟ್ಟುಕೊಂಡೆ. ದುಡ್ಡು 12,000 ರೂಪಾಯಿ ಒಳಗೆ. ಎರಡೂ ಒಟ್ಟಿಗೆ ಸಿಗುವುದು ಸುಲಭ ಇರಲಿಲ್ಲ.

ಅಂಗಡಿಗಳಿಗೆ ಹೋಗುವಾಗ ಚೀಲದಲ್ಲಿ ಎರಡು ವಸ್ತು ಹಾಕಿಕೊಂಡೆ. ಒಂದು ಅದೇ ತಕ್ಕಡಿ. ಇನ್ನೊಂದು ಫ್ರಿಜ್ ಬಾಗಿಲಿಗೆ ಅಂಟಿಸುವ ಅಯಸ್ಕಾಂತ.

ಅಯಸ್ಕಾಂತ ಯಾಕೆ ಅಂದರೆ, "ಅಲಾಯ್", ಅಂದರೆ ಅಲ್ಯೂಮಿನಿಯಂ ಮಿಶ್ರಲೋಹ, ಅನ್ನುವ ಮಾತನ್ನು ಅಂಗಡಿಯಲ್ಲಿ ತುಂಬಾ ಧಾರಾಳವಾಗಿ ಬಳಸುತ್ತಾರೆ. ರಿಮ್ ಮಾತ್ರ ಅಲಾಯ್ ಇದ್ದರೂ ಸೈಕಲ್ ಪೂರ್ತಿ ಅಲಾಯ್ ಅನ್ನುವ ಹಾಗೆ ಹೇಳುತ್ತಾರೆ. ಅಯಸ್ಕಾಂತ ಸುಳ್ಳು ಹೇಳುವುದಿಲ್ಲ. ಉಕ್ಕಿಗೆ ಅಂಟುತ್ತದೆ, ಅಲ್ಯೂಮಿನಿಯಂಗೆ ಅಂಟುವುದಿಲ್ಲ. ಫ್ರೇಮ್, ಮುಂದಿನ ಚಕ್ರ ಹಿಡಿದಿರುವ ಫೋರ್ಕ್, ಹ್ಯಾಂಡಲ್, ಸೀಟ್ ಪೋಸ್ಟ್, ಪೆಡಲ್ ಕೂರಿಸಿದ ತೋಳು ಅಂದರೆ ಕ್ರ್ಯಾಂಕ್ ಅಂತ ಒಂದೊಂದಕ್ಕೂ ಹಿಡಿದು ನೋಡಿದೆ. "ಫುಲ್ ಅಲಾಯ್ ಮೇಡಂ" ಅಂದ ಒಂದು ಸೈಕಲ್‌ನಲ್ಲಿ ರಿಮ್ ಬಿಟ್ಟು ಮಿಕ್ಕಿದ್ದಕ್ಕೆಲ್ಲ ಅಯಸ್ಕಾಂತ ಟಪ್ ಅಂತ ಕಚ್ಚಿಕೊಂಡಿತು. ಮಾರುವ ಹುಡುಗ ಏನೂ ಹೇಳಲಿಲ್ಲ. ಅವನಿಗೂ ಅದು ಗೊತ್ತಿರಲಿಲ್ಲ ಅಂತ ಮುಖ ನೋಡಿದರೇ ತಿಳಿಯುತ್ತಿತ್ತು.

ಅಲ್ಯೂಮಿನಿಯಂ ಅಂದ ತಕ್ಷಣ ಹಗುರ ಅಂತಲೂ ಅಲ್ಲ. ಅದರ ಸಾಂದ್ರತೆ ಉಕ್ಕಿನ ಮೂರನೇ ಒಂದು ಭಾಗ, ನಿಜ. ಆದರೆ ಬಾಗದೆ ನಿಲ್ಲುವ ಗುಣವೂ ಸುಮಾರು ಮೂರನೇ ಒಂದೇ. ಅದಕ್ಕೇ ಅಲ್ಯೂಮಿನಿಯಂ ಫ್ರೇಮಿನ ಕೊಳವೆಗಳು ದಪ್ಪ ಇರುತ್ತವೆ. ಹಾಗಾಗಿ ಫ್ರೇಮ್ ಒಂದರಲ್ಲೇ ಪವಾಡ ಆಗುವುದಿಲ್ಲ. ತೂಕ ನಿಜವಾಗಿ ಎಲ್ಲಿ ಅಡಗಿರುತ್ತದೆ ಅಂತ ನನಗೆ ತೋರಿಸಿಕೊಟ್ಟವರು ನಮ್ಮ ಮನೆ ಹತ್ತಿರದ ಹಳೆಯ ಸೈಕಲ್ ಮೆಕ್ಯಾನಿಕ್. ನಾವು ಅವರನ್ನು ಭಾಯಿ ಅನ್ನುತ್ತೇವೆ. ಯಾವುದೋ ಮಕ್ಕಳ ಸೈಕಲ್‌ನಿಂದ ಬಿಚ್ಚಿಟ್ಟಿದ್ದ ಶಾಕ್ಸ್ ಫೋರ್ಕ್ ಒಂದನ್ನು ನನ್ನ ಕೈಗೆ ಕೊಟ್ಟರು. ಇನ್ನೊಂದು ಕೈಗೆ ಸಾದಾ ಫೋರ್ಕ್ ಕೊಟ್ಟರು. ತೂಗಿದರೆ ಶಾಕ್ಸ್ ಇರುವುದು 2 ಕೆಜಿಗಿಂತ ಜಾಸ್ತಿ, ಸಾದಾದ್ದು 1 ಕೆಜಿ ಆಸುಪಾಸು. "ಇದರೊಳಗೆ ಇರೋದು ಒಂದು ಸ್ಪ್ರಿಂಗ್ ಅಷ್ಟೇ ಅಮ್ಮಾ. ಮಗು ತೂಕಕ್ಕೆ ಅದು ಅದುಮೋದೇ ಇಲ್ಲ" ಅಂದರು.

ಅದು ಸರಿಯಾದ ಮಾತು. ಅಗ್ಗದ ಶಾಕ್ಸ್‌ನ ಸ್ಪ್ರಿಂಗ್ 30 ಕೆಜಿ ಮಗುವಿಗೆ ತುಂಬಾ ಬಿಗಿ. ಅಲುಗಾಟ ತಡೆಯುವುದು ಅಷ್ಟಕ್ಕಷ್ಟೇ, ಭಾರ ಮಾತ್ರ ದಿನವೂ ಹೊರಬೇಕು. ಆದರೂ ಶಾಕ್ಸ್ ಇಲ್ಲದ 24 ಇಂಚಿನ ಹೊಸ ಸೈಕಲ್ ಹುಡುಕುವುದೇ ಕಷ್ಟವಾಯಿತು. "ಅದೆಲ್ಲ ಹಳೇ ಮಾಡೆಲ್ ಮೇಡಂ, ಮಕ್ಕಳು ಕೇಳಲ್ಲ" ಅಂತ ಒಂದು ಕಡೆ ಹೇಳಿದರು. ಮಕ್ಕಳಿಗೆ ಮೋಟಾರ್‌ಬೈಕ್ ಹಾಗೆ ಕಾಣುವ ಸೈಕಲ್ ಇಷ್ಟ, ಅದು ನನಗೂ ಗೊತ್ತು. ಆದರೆ ನನ್ನ ಮಗಳಿಗೆ ಬೇಕಾಗಿದ್ದದ್ದು ಬೆಟ್ಟ.

ಇಲ್ಲಿ ಒಂದು ಮಾತು ಹೇಳಬೇಕು. ಉಕ್ಕಿನ ಸೈಕಲ್ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. 2006-07ರಲ್ಲಿ ಶುರುವಾಗಿ ಎಷ್ಟೋ ವರ್ಷ ನಮ್ಮ ಸರ್ಕಾರ 8ನೇ ತರಗತಿ ಮಕ್ಕಳಿಗೆ ಕೊಟ್ಟದ್ದು ಉಕ್ಕಿನ ಸೈಕಲ್‌ಗಳನ್ನೇ. ಎಷ್ಟೋ ಹಳ್ಳಿಗಳ ಹೆಣ್ಣುಮಕ್ಕಳು ಅದರಲ್ಲೇ ಹೈಸ್ಕೂಲ್ ಮುಗಿಸಿದರು. ಚೀಲ ಹೇರಿಕೊಂಡು, ಮಣ್ಣಿನ ದಾರಿಯಲ್ಲಿ, ವರ್ಷಗಟ್ಟಲೆ ಬಾಳಬೇಕಾದ ಸೈಕಲ್ ಅದು. ಕೆಲಸ ಬೇರೆ, ಸೈಕಲ್ ಬೇರೆ.

ಅಂಗಡಿ ಅಂಗಡಿಯಲ್ಲೂ ಕೇಳಿದ ಇನ್ನೊಂದು ಸಲಹೆ, "ಬೆಳೆಯೋ ಮಗು, 26 ಇಂಚೇ ತಗೊಂಡುಬಿಡಿ." ಇದನ್ನು ನಾನು ಒಪ್ಪಲಿಲ್ಲ. ಮಗಳನ್ನು ಬರಿಗಾಲಲ್ಲಿ ಗೋಡೆಗೆ ಒರಗಿಸಿ ನಿಲ್ಲಿಸಿ, ಕಾಲುಗಳ ನಡುವೆ ಒಂದು ಗಟ್ಟಿ ಪುಸ್ತಕ ಮೇಲಕ್ಕೆ ಒತ್ತಿ ಹಿಡಿದು, ಅಲ್ಲಿಂದ ನೆಲಕ್ಕೆ ಟೇಪ್ ಹಿಡಿದು ಅಳೆದಿದ್ದೆ. 63 ಸೆಂ.ಮೀ. ಫ್ರೇಮಿನ ಮೇಲಿನ ಕೊಳವೆ ಅದಕ್ಕಿಂತ ಮೂರು ನಾಲ್ಕು ಸೆಂ.ಮೀ.ಯಾದರೂ ಕೆಳಗಿರಬೇಕು. ಇಲ್ಲದಿದ್ದರೆ ಗಕ್ಕನೆ ಇಳಿಯಬೇಕಾದಾಗ ಪೆಟ್ಟಾಗುತ್ತದೆ. 26 ಇಂಚಿನದರಲ್ಲಿ ಕೂತಾಗ ಅವಳ ಕಾಲ್ಬೆರಳ ತುದಿ ಮಾತ್ರ ನೆಲ ಮುಟ್ಟುತ್ತಿತ್ತು. ಹ್ಯಾಂಡಲ್‌ಗೆ ಬಾಗಿ ಬಾಗಿ ಕೈ ಚಾಚಬೇಕಿತ್ತು. ಬ್ರೇಕ್ ಹಿಡಿಯಲು ಬೆರಳು ಎಟುಕುತ್ತಿರಲಿಲ್ಲ. ಬೆಟ್ಟ ಇಳಿಯುವಾಗ ಬ್ರೇಕ್ ಎಟುಕದ ಸೈಕಲ್ ಕೊಡಿಸಿ, ಎರಡು ವರ್ಷದ ನಂತರ ಸರಿಹೋಗುತ್ತದೆ ಅಂತ ಕಾಯುವುದಾ? ಸಾಮಾನ್ಯವಾಗಿ 135ರಿಂದ 150 ಸೆಂ.ಮೀ. ಎತ್ತರದ ಮಕ್ಕಳಿಗೆ 24 ಇಂಚು ಸರಿ. ನಾವು ಅದಕ್ಕೇ ಅಂಟಿಕೊಂಡೆವು.

ನಡುವೆ ರೇಸ್ ಸೈಕಲ್ ವಿಚಾರವೂ ಬಂತು. ಬಗ್ಗಿದ ಹ್ಯಾಂಡಲ್‌ನ ಸೈಕಲ್ ಅಂದರೆ ಮಗಳಿಗೆ ಆಸೆ. ನನ್ನ ಗಂಡನ ಸ್ನೇಹಿತರೊಬ್ಬರು ವಿಜಯಪುರದವರು, ಹಿಂದೆ ರೇಸ್ ಓಡಿಸಿದವರು. ವಿಜಯಪುರ, ಬಾಗಲಕೋಟೆ ಅಂದರೆ ನಮ್ಮ ರಾಜ್ಯದ ಸೈಕ್ಲಿಂಗ್‌ಗೆ ತವರು. ಅಲ್ಲಿ ಕ್ರೀಡಾ ಇಲಾಖೆಯ ಸೈಕ್ಲಿಂಗ್ ಹಾಸ್ಟೆಲ್‌ಗಳಿವೆ, ರಾಷ್ಟ್ರಮಟ್ಟಕ್ಕೆ ಹೋದ ಹುಡುಗ ಹುಡುಗಿಯರು ಆ ಕಡೆಯವರೇ ಜಾಸ್ತಿ. ಆ ಸ್ನೇಹಿತರಿಗೆ ಫೋನ್ ಮಾಡಿದೆ. "ಈಗ ರೇಸ್ ಸೈಕಲ್ ಬ್ಯಾಡ್ರಿ ಅಕ್ಕಾರ. ಹುಡುಗಿ ಇನ್ನ ಬೆಳೀಬೇಕು. ಮೊದ್ಲ ಕಾಲು ಸರಾಗ ತಿರಗೂದು ಕಲೀಲಿ" ಅಂದರು. ಭಾರದ ಗೇರ್ ಹಾಕಿ ಒದ್ದಾಡಿ ತುಳಿಯುವ ಅಭ್ಯಾಸ ಈ ವಯಸ್ಸಿನಲ್ಲಿ ಬೇಡ, ಹಗುರ ಗೇರ್‌ನಲ್ಲಿ ಬೇಗ ಬೇಗ ತಿರುಗಿಸಲಿ ಅನ್ನುವುದು ಅವರ ಮಾತು. ನನ್ನ ಹುಡುಕಾಟದ ದಿಕ್ಕು ಗಟ್ಟಿಯಾದದ್ದು ಆಗಲೇ.

ನನ್ನ ತಮ್ಮ ಜರ್ಮನಿಯಲ್ಲಿದ್ದಾನೆ. ಅಲ್ಲಿ ಮಕ್ಕಳಿಗೆಂದೇ ಮಾಡುವ ಹಗುರ ಸೈಕಲ್‌ಗಳು ಬೇಕಾದಷ್ಟು ಸಿಗುತ್ತವೆ. ಆಸ್ಟ್ರಿಯಾದ ವೂಮ್ ಕಂಪನಿಯ 24 ಇಂಚಿನ ಸಾದಾ ಸೈಕಲ್ 9 ಕೆಜಿ ಆಸುಪಾಸು. ಇಂಗ್ಲೆಂಡಿನಲ್ಲಿ ಐಲಾ ರೌಂಟ್ರಿ ಅನ್ನುವ ಸೈಕಲ್ ಪಟು ಐಲಾಬೈಕ್ಸ್ ಶುರು ಮಾಡಿದರು. ದೊಡ್ಡವರ ಸೈಕಲನ್ನು ಚಿಕ್ಕದು ಮಾಡುವ ಬದಲು, ಮಗುವಿನ ಕೈ ಕಾಲಿನ ಅಳತೆಯಿಂದ ಶುರುಮಾಡಿ ಬ್ರೇಕ್ ಹಿಡಿ, ಕ್ರ್ಯಾಂಕ್ ಎಲ್ಲ ಹೊಸದಾಗಿ ಯೋಚಿಸಿದ ಕಂಪನಿ ಅದು. 2023ರಲ್ಲಿ ಸೈಕಲ್ ತಯಾರಿಕೆ ನಿಲ್ಲಿಸಿದರು ಅಂತ ಓದಿ ನಿಜಕ್ಕೂ ಬೇಜಾರಾಯಿತು. ತಮ್ಮ ಒಂದು ಕಳಿಸಿಕೊಡುತ್ತೇನೆ ಅಂದ. ನಾನು ಬೇಡ ಅಂದೆ. ಬೆಲೆ ನಮ್ಮ ಬಜೆಟ್‌ನ ಎಷ್ಟೋ ಪಟ್ಟು. ಏನಾದರೂ ಮುರಿದರೆ ಬಿಡಿಭಾಗಕ್ಕೆ ಮತ್ತೆ ಅವನನ್ನೇ ಕೇಳಬೇಕು. ಭಾಯಿ ಅಂಗಡಿಯಲ್ಲಿ ರಿಪೇರಿ ಆಗುವಂಥ ಸೈಕಲ್ ನಮಗೆ ಬೇಕಿತ್ತು. ಆದರೆ ಆ ಸೈಕಲ್‌ಗಳ ವಿವರ ಓದಿದ್ದರಿಂದ ಏನು ಹುಡುಕಬೇಕು ಅಂತ ಸ್ಪಷ್ಟವಾಯಿತು: ಅಲ್ಯೂಮಿನಿಯಂ ಫ್ರೇಮ್, ಸಾದಾ ಫೋರ್ಕ್, ಮುಂದೆ ಹಲ್ಲಿನ ಚಕ್ರ ಒಂದೇ, ರಿಮ್ ಒತ್ತಿ ಹಿಡಿಯುವ ಸಾದಾ ವಿ-ಬ್ರೇಕ್, ಚಿಕ್ಕ ಕ್ರ್ಯಾಂಕ್.

ಹೊಸದನ್ನೇ ಕೊಳ್ಳೋಣವಾ ಅಂತಲೂ ನೋಡಿದೆ. 2025ರ ಸೆಪ್ಟೆಂಬರ್ 22ರಿಂದ ಸೈಕಲ್ ಮೇಲಿನ ಜಿಎಸ್‌ಟಿ ನೂರಕ್ಕೆ 12ರಿಂದ 5ಕ್ಕೆ ಇಳಿದಿದೆ. ಮೊದಲು 14,000 ಇದ್ದ ಸೈಕಲ್ ಈಗ 13,125ಕ್ಕೆ ಬರಬೇಕು. ಹಳೆಯ ಸ್ಟಿಕ್ಕರ್ ಅಂಟಿಸಿದ ಸೈಕಲ್ ಆದರೂ ಹೊಸ ದರದಲ್ಲೇ ಬಿಲ್ ಕೇಳಿ. ಆದರೂ ನನಗೆ ಬೇಕಾದಂಥದ್ದು ಬಜೆಟ್ ಒಳಗೆ ಬರಲಿಲ್ಲ. ಬಜೆಟ್ ಒಳಗೆ ಬಂದದ್ದು 14 ಕೆಜಿಗಿಂತ ಇಳಿಯಲಿಲ್ಲ.

ಆಗ ಸೆಕೆಂಡ್ ಹ್ಯಾಂಡ್ ಕಡೆ ತಿರುಗಿದೆ. ಮಕ್ಕಳ ಸೈಕಲ್ ಮಟ್ಟಿಗೆ ಇದು ಜಾಣತನದ ದಾರಿ ಅಂತ ನನ್ನ ನಂಬಿಕೆ. ಸೈಕಲ್ ಸವೆಯುವ ಮೊದಲೇ ಮಗು ಬೆಳೆದುಬಿಡುತ್ತದೆ. ಅಪಾರ್ಟ್‌ಮೆಂಟುಗಳ ಕೆಳಗೆ ಧೂಳು ಹಿಡಿದು ನಿಂತಿರುವ ಒಳ್ಳೊಳ್ಳೆ ಸೈಕಲ್ ಎಷ್ಟಿವೆ! ಪರಿಚಯದವರಿಗೆಲ್ಲ ಮೆಸೇಜ್ ಹಾಕಿದೆ. ವಿಜಯನಗರದ ಒಂದು ಮನೆಯಿಂದ ಉತ್ತರ ಬಂತು. ಅವರ ಮಗ ಕಾಲೇಜು ಸೇರಿದ್ದ. 24 ಇಂಚಿನ ಹೈಬ್ರಿಡ್ (ರೇಸ್ ಸೈಕಲ್, ಬೆಟ್ಟದ ಸೈಕಲ್ ಎರಡರ ನಡುವಿನ) ಸೈಕಲ್, ಹಿಂದೆ 7 ಗೇರ್, ಮುಂದೆ ಹಲ್ಲಿನ ಚಕ್ರ ಒಂದೇ. ಫ್ರೇಮ್‌ಗೆ ಅಯಸ್ಕಾಂತ ಅಂಟಲಿಲ್ಲ. ಫೋರ್ಕ್ ಉಕ್ಕಿನದು, ಆದರೆ ಸಾದಾ. ತಕ್ಕಡಿಗೆ ನೇತುಹಾಕಿದರೆ ಸ್ಟ್ಯಾಂಡು, ಮಡ್‌ಗಾರ್ಡು ಎಲ್ಲ ಸೇರಿ 12.1 ಕೆಜಿ.

ಹಳೆಯ ಸೈಕಲ್ ನೋಡುವಾಗ ಭಾಯಿಯನ್ನೂ ಕರೆದುಕೊಂಡು ಹೋಗಿದ್ದೆ. ಅವರು ನೋಡಿದ ರೀತಿಯನ್ನು ಬರೆದಿಡುತ್ತೇನೆ, ಯಾರಿಗಾದರೂ ಉಪಯೋಗಕ್ಕೆ ಬರಬಹುದು. ಮೊದಲು ಬಟ್ಟೆಯಿಂದ ಒರೆಸಿ ವೆಲ್ಡಿಂಗ್ ಇರುವ ಕಡೆಯೆಲ್ಲ ಬೆರಳಾಡಿಸಿದರು. ಪೆಡಲ್ ಅಚ್ಚಿನ ಸುತ್ತ, ಹ್ಯಾಂಡಲ್ ಕೆಳಗಿನ ಕೊಳವೆ ಸೇರುವ ಜಾಗ. ಅಲ್ಯೂಮಿನಿಯಂನಲ್ಲಿ ಕೂದಲಿನಷ್ಟು ಬಿರುಕು ಕಂಡರೂ ಬಿಟ್ಟುಬಿಡಬೇಕು ಅಂದರು. ಆಮೇಲೆ ಸೀಟ್ ಪೋಸ್ಟ್ ಸಡಿಲಿಸಿ ಮೇಲೆ ಕೆಳಗೆ ಎಳೆದರು. ಉಕ್ಕಿನ ಪೋಸ್ಟು ಅಲ್ಯೂಮಿನಿಯಂ ಫ್ರೇಮಿನಲ್ಲಿ ವರ್ಷಗಟ್ಟಲೆ ಕೂತರೆ ಕಚ್ಚಿಕೊಂಡುಬಿಡುತ್ತದೆ, ಆಮೇಲೆ ಸೀಟು ಏರಿಸಲು ಆಗುವುದಿಲ್ಲ. ಬೆಳೆಯುವ ಮಗುವಿಗೆ ಅಂಥ ಸೈಕಲ್ ತೆಗೆದುಕೊಂಡು ಏನು ಮಾಡುವುದು? ಇದು ಸಲೀಸಾಗಿ ಬಂತು. ಚಕ್ರ ತಿರುಗಿಸಿ ರಿಮ್ ಓಲಾಡುತ್ತದಾ ನೋಡಿದರು, ಪಕ್ಕಕ್ಕೆ ಅಲ್ಲಾಡಿಸಿ ಆಕ್ಸಲ್‌ನಲ್ಲಿ ಆಟ ಇದೆಯಾ ನೋಡಿದರು. ಕೊನೆಗೆ ಚೈನ್ ಮೇಲೆ ಸ್ಕೇಲ್ ಇಟ್ಟರು. ಹೊಸ ಚೈನ್‌ನಲ್ಲಿ ಪಿನ್ನಿನಿಂದ ಪಿನ್ನಿಗೆ ಸರಿಯಾಗಿ 12 ಇಂಚು ಬರುತ್ತದೆ. ಅದು 3 ಮಿ.ಮೀ. ಹಿಗ್ಗಿದ್ದರೆ ಚೈನ್ ಜೊತೆ ಹಿಂದಿನ ಹಲ್ಲುಗಳೂ ಹೋಗಿರುತ್ತವೆ. ಇದರದ್ದು ಚೆನ್ನಾಗಿತ್ತು.

ಮಾರುವವರು 7,500 ಕೇಳಿದರು. 6,500ಕ್ಕೆ ಒಪ್ಪಿದರು.

ಆಮೇಲಿನ ಕೆಲಸ ನನಗೆ ತುಂಬಾ ಖುಷಿ ಕೊಟ್ಟಿತು. ಭಾಯಿ ಅಂಗಡಿ ಮುಂದೆ ಮಗಳು, ನಾನು ಇಬ್ಬರೂ ಕೂತು ಒಂದೊಂದು ಭಾಗವನ್ನೂ ತೂಗಿದೆವು. ಸೈಡ್ ಸ್ಟ್ಯಾಂಡ್, ಮಡ್‌ಗಾರ್ಡ್ ತೆಗೆದೆವು. ಉಕ್ಕಿನ ಸೀಟ್ ಪೋಸ್ಟ್ ಬದಲು ಅಲ್ಯೂಮಿನಿಯಂದು, ಜೆಲ್ ತುಂಬಿದ ಅಗಲ ಸೀಟಿನ ಬದಲು ಚಿಕ್ಕದು. ದೊಡ್ಡ ಲಾಭ ಆದದ್ದು ಟೈರ್‌ನಲ್ಲಿ. ಇದ್ದದ್ದು 1.95 ಇಂಚು ಅಗಲದ ಗುಬ್ಬಿ ಗುಬ್ಬಿ ಟೈರು. ಟಾರು ರಸ್ತೆಗೆ ಅದು ಬೇಡ. 1.5 ಇಂಚಿನ ನುಣುಪು ಟೈರ್ ಹಾಕಿದ ಮೇಲೆ ಎರಡೂ ಸೇರಿ ಅರ್ಧ ಕೆಜಿ ಇಳಿಯಿತು. ಚಕ್ರದ ಅಂಚಿನ ತೂಕ ಇಳಿಸಿದರೆ ಲಾಭ ಜಾಸ್ತಿ. ಆ ತೂಕವನ್ನು ಮುಂದಕ್ಕೂ ತಳ್ಳಬೇಕು, ತಿರುಗಿಸಲೂ ಬೇಕು. ಹಾಗಾಗಿ ಸೈಕಲ್ ವೇಗ ಹಿಡಿಯುವಾಗ ಅದು ಹತ್ತಿರ ಹತ್ತಿರ ಎರಡರಷ್ಟಾಗಿ ಕಾಡುತ್ತದೆ.

ಬ್ರೇಕ್ ಶೂ, ಕೇಬಲ್ ಹೊಸದು ಹಾಕಿಸಿದೆ. ಅಲ್ಲಿ ಜಿಪುಣತನ ಬೇಡ. ಬ್ರೇಕ್ ಹಿಡಿಯ ಪಕ್ಕದಲ್ಲಿ ಒಂದು ಪುಟ್ಟ ಸ್ಕ್ರೂ ಇರುತ್ತದೆ. ಅದನ್ನು ತಿರುಗಿಸಿದರೆ ಹಿಡಿ ಹ್ಯಾಂಡಲ್‌ಗೆ ಹತ್ತಿರ ಬರುತ್ತದೆ. ಮಗಳ ಬೆರಳಿಗೆ ಈಗ ಸರಿಯಾಗಿ ಸಿಗುತ್ತದೆ. ಕ್ರ್ಯಾಂಕ್ ಒಳಬದಿಯಲ್ಲಿ, ಪೆಡಲ್ ಹತ್ತಿರ, ಅದರ ಉದ್ದ ಅಚ್ಚಾಗಿರುತ್ತದೆ. ಇದರಲ್ಲಿ 152 ಇತ್ತು. ಅಕ್ಕನ ಮಗನ ಸೈಕಲ್‌ನಲ್ಲಿ ದೊಡ್ಡವರಿಗೆ ಹಾಕುವ 170 ಮಿ.ಮೀ. ಇತ್ತು. ಅಷ್ಟು ಉದ್ದದ ಕ್ರ್ಯಾಂಕ್ ತುಳಿಯುವಾಗ ಅವಳ ಮೊಣಕಾಲು ಎದೆಯವರೆಗೂ ಬರುತ್ತಿತ್ತು.

ಗೇರ್ ಕಡಿಮೆ ಆಯಿತಲ್ಲ ಅಂತ ಮಗಳಿಗೆ ಮೊದಲು ಬೇಸರ ಇತ್ತು. 21 ಹೋಗಿ 7 ಆಯಿತಲ್ವಾ! ಕೂತು ಲೆಕ್ಕ ಹಾಕಿ ತೋರಿಸಿದೆ. ಮುಂದೆ ಮೂರು ಹಲ್ಲಿನ ಚಕ್ರ ಇರುವ ಸೈಕಲ್‌ನ 21 ಗೇರ್‌ಗಳಲ್ಲಿ ಎಷ್ಟೋ ಒಂದರ ಮೇಲೊಂದು ಬರುತ್ತವೆ. ಹೊಸದರಲ್ಲಿ ಮುಂದೆ 32 ಹಲ್ಲು, ಹಿಂದೆ 14ರಿಂದ 34. ಅತಿ ಹಗುರ ಗೇರ್‌ನಲ್ಲಿ ಪೆಡಲ್ ಒಂದು ಸುತ್ತು ತಿರುಗಿದರೆ ಸೈಕಲ್ ಸುಮಾರು 1.7 ಮೀಟರ್ ಮುಂದೆ ಹೋಗುತ್ತದೆ. ಬೆಟ್ಟಕ್ಕೆ ಸಾಕು. ಅತಿ ಭಾರದ ಗೇರ್‌ನಲ್ಲಿ ನಿಮಿಷಕ್ಕೆ 80 ಸುತ್ತು ತುಳಿದರೆ ಗಂಟೆಗೆ ಸುಮಾರು 20 ಕಿ.ಮೀ. ಅವಳ ವಯಸ್ಸಿಗೆ ಅದೂ ಸಾಕು.

ಗಾಳಿ ವಿಚಾರದಲ್ಲಿ ಭಾಯಿ ಜೊತೆ ಸ್ವಲ್ಪ ವಾದವಾಯಿತು. ಅವರು ಟೈರ್ ಕಲ್ಲಿನ ಹಾಗೆ ಇರಬೇಕು ಅನ್ನುವವರು. ಟೈರ್ ಮೇಲೆ ಬರೆದಿರುವುದು ಹೆಚ್ಚೆಂದರೆ ಎಷ್ಟು ಅಂತ. ಅಷ್ಟು ತುಂಬಬೇಕು ಅಂತಲ್ಲ. ಸೈಕಲ್, ಮಗಳು ಎರಡೂ ಸೇರಿ 42 ಕೆಜಿ ದಾಟುವುದಿಲ್ಲ. 35 ಪಿಎಸ್‌ಐ ಇಟ್ಟಿದ್ದೇವೆ. ಶಾಕ್ಸ್ ಮಾಡಬೇಕಿದ್ದ ಕೆಲಸವನ್ನು ಆ ಗಾಳಿಯೇ ಮಾಡುತ್ತಿದೆ, ಕೈ ನೋವು ಅಂತ ಅವಳು ಈವರೆಗೆ ಹೇಳಿಲ್ಲ.

ಗಂಟೆ, ಹಿಂದಿನ ಕೆಂಪು ದೀಪ ಸೇರಿ ಕೊನೆಯ ತೂಕ 10.6 ಕೆಜಿ. ಅವಳ ತೂಕದ ಮೂರನೇ ಒಂದು ಭಾಗಕ್ಕಿಂತ ಒಂಚೂರು ಜಾಸ್ತಿ. ಸಾಮಾನು, ಕೂಲಿ ಸೇರಿ ಇನ್ನೂ 3,700 ಖರ್ಚಾಯಿತು. ಒಟ್ಟು 10,200 ರೂಪಾಯಿ.

ಮೊದಲು ಅವಳು, ಸೈಕಲ್ ಸೇರಿ 47.4 ಕೆಜಿ ಬೆಟ್ಟ ಹತ್ತಬೇಕಿತ್ತು, ಈಗ 41.6. ಸುತ್ತಲಿನ ನೆಲದಿಂದ ಬೆಟ್ಟ ಸುಮಾರು 300 ಮೀಟರ್ ಎತ್ತರ. ಅಷ್ಟು ಎತ್ತರಕ್ಕೂ ಹೊರೆಯಲ್ಲಿ ಎಂಟನೇ ಒಂದು ಭಾಗ ಕಡಿಮೆ. ಸಮತಟ್ಟು ರಸ್ತೆಯಲ್ಲಿ ಒಂದೇ ವೇಗದಲ್ಲಿ ಹೋಗುವಾಗ ತೂಕದಿಂದ ಅಷ್ಟೇನೂ ವ್ಯತ್ಯಾಸ ಕಾಣುವುದಿಲ್ಲ, ಅದನ್ನೂ ಹೇಳಬೇಕು. ಅಲ್ಲಿ ಟೈರ್ ಬದಲಾಯಿಸಿದ್ದೇ ಹೆಚ್ಚು ಕೆಲಸಕ್ಕೆ ಬಂತು. ಹಗುರತನ ಗೊತ್ತಾಗುವುದು ಏರಿನಲ್ಲಿ, ಸಿಗ್ನಲ್‌ನಲ್ಲಿ ನಿಂತು ಹೊರಡುವಾಗ, ಗೇಟಿನ ಮೆಟ್ಟಿಲ ಮೇಲೆ ಎತ್ತಿ ಇಡುವಾಗ. ಹಳೆಯದನ್ನು ಎತ್ತಲು ನಮ್ಮನ್ನು ಕರೆಯುತ್ತಿದ್ದಳು. ಇದನ್ನು ತಾನೇ ಎತ್ತಿ ಒಳಗೆ ತರುತ್ತಾಳೆ.

ಈಗ ಅವಳು ಇಳಿಯದೆ ಬೆಟ್ಟ ಹತ್ತುತ್ತಾಳೆ. ದೊಡ್ಡ ಮಕ್ಕಳಿಗಿಂತ ಹಿಂದೆಯೇ, ಆದರೆ ಕಣ್ಣಿಗೆ ಕಾಣುವಷ್ಟು ಹಿಂದೆ. ಇಳಿಯುವಾಗ ಮಾತ್ರ ಅಪ್ಪನ ಸ್ಕೂಟರ್ ಮುಂದೆ, ಇವಳು ಹಿಂದೆ. ಆ ನಿಯಮದಲ್ಲಿ ಬದಲಾವಣೆ ಇಲ್ಲ.

ಅವಳು 150 ಸೆಂ.ಮೀ. ದಾಟಿದ ಮೇಲೆ 700ಸಿ ಅನ್ನುವ ದೊಡ್ಡವರ ಅಳತೆಯ ಚಕ್ರದ, ಚಿಕ್ಕ ಫ್ರೇಮಿನ ರೇಸ್ ಸೈಕಲ್ ನೋಡಬೇಕು. ಅದಕ್ಕೆ ಈಗಿನಿಂದಲೇ ತಿಂಗಳು ತಿಂಗಳು ಸ್ವಲ್ಪ ದುಡ್ಡು ಎತ್ತಿಡುತ್ತಿದ್ದೇವೆ. ಪಕ್ಕದ ಬೀದಿಯ ಹುಡುಗನ ಅಮ್ಮ ಈ ಸೈಕಲನ್ನು ಆಗ ತಮಗೇ ಕೊಡಬೇಕು ಅಂತ ಕೇಳಿದ್ದಾರೆ. ಬಿಚ್ಚಿದ ಸ್ಟ್ಯಾಂಡು, ಮಡ್‌ಗಾರ್ಡು ಅಟ್ಟದ ಮೇಲಿವೆ. ಶಾಲೆಗೆ ಓಡಿಸುವುದಾದರೆ ಅವರಿಗೆ ಬೇಕಾಗುತ್ತವೆ, ಜೊತೆಗೇ ಕೊಡುತ್ತೇನೆ.